ಹನ್ನೆರಡು ಫರ್ಸಿ

ಬೆಂಗಳೂರು
೧೪ ಜೂನ್ ೨೦೦೪

ಲುಂಬಿನಿ,

ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಮುಂದೆ ಓದು. ವಿಳಾಸ ಕೊಟ್ಟದ್ದು ನನ್ನ ಅಪ್ಪ. ಚಿತ್ತಾಪುರದ ಶಾಲೆಯಿಂದ ನಿವೃತ್ತರಾಗಿ ಸೇಡಂನಲ್ಲಿ ಕುಳಿತರೂ ಪ್ರಾಣೇಶ ಮಾಸ್ತರರಿಗೆ ತಮ್ಮ ವಿದ್ಯಾರ್ಥಿಗಳು ಎಲ್ಲೆಲ್ಲಿದ್ದಾರೆ ಎಂಬುದು ಬಾಯಿಪಾಠ. "ಲುಂಬಿನಿ ರಾವೂರಾಗ ಟೀಚರ್ ಆಗ್ಯಾಳ. ಆಕಿ ಅಕ್ಷರ ಇವತ್ತಿಗೂ ನಿನಗಿಂತ ಚಂದ ಅವ," ಎಂದರು. ಆಗ ತರಗತಿಯಲ್ಲಿ ಎಲ್ಲರೆದುರು ಹೇಳುತ್ತಿದ್ದ ಮಾತನ್ನೇ ಈಗ ಫೋನಿನಲ್ಲಿ ಹೇಳಿದರು.

ನಾನಿರುವುದು 'ಅಹೋರಾತ್ರ' ಎಂಬ ಕೈಗಡಿಯಾರದ ಕಂಪನಿಯಲ್ಲಿ. ನಮ್ಮ ಗಡಿಯಾರ ಕೊಳ್ಳುವವರು ಅದರಲ್ಲಿ ಸಮಯ ನೋಡುವುದು ಕಡಿಮೆ, ಬೇರೆಯವರು ನೋಡಲಿ ಎಂದು ಕೊಳ್ಳುವುದು ಹೆಚ್ಚು. ನಾನು ಗಡಿಯಾರ ಮಾಡುವವಳಲ್ಲ. 'ಸಾಮಾಜಿಕ ಹೊಣೆ' ಎಂಬ ವಿಭಾಗದವಳು. ಚಿನ್ನ ಎಲ್ಲಿಂದ ಬಂತು, ಪಟ್ಟಿಯ ಚರ್ಮ ಹದ ಮಾಡಿದವರ ಕೈ ನೆಟ್ಟಗಿದೆಯೇ ಎಂದು ವಿಚಾರಿಸಿ ವರದಿ ಬರೆಯುವುದು ನನ್ನ ಕೆಲಸ.

ಈ ಸಲ ಕಂಪನಿ ಒಂದು ಹೊಸ ಗಡಿಯಾರ ಮಾಡುತ್ತಿದೆ. ಅದರ ಡಯಲು, ಅಂದರೆ ಮುಳ್ಳುಗಳು ತಿರುಗುವ ಮುಖ, ನಮ್ಮ ಕಡೆ ನೆಲಕ್ಕೆ ಹಾಸುವ ಶಹಾಬಾದ ಫರ್ಸಿ ಕಲ್ಲಿನದು. ಸಲಹೆ ನನ್ನದೇ. ಸೇಡಂ ಮನೆಯ ನೆಲದ ಆ ನೀಲಿ ಬೂದಿ ಬಣ್ಣ ಯಾವ ಡಬ್ಬಿಯ ಪೇಂಟಿನಲ್ಲೂ ಸಿಗದು ಎಂದು ಮೀಟಿಂಗಿನಲ್ಲಿ ಹೇಳಿಬಿಟ್ಟೆ. ಹೊರದೇಶದ ಗಿರಾಕಿಗಳು ಒಂದು ಷರತ್ತು ಹಾಕಿದ್ದಾರೆ: ಈ ಕಲ್ಲು ಕೊಯ್ಯುವವರ ಎದೆಗೆ ಧೂಳು ಹೋಗಿರಬಾರದು. ಅದಕ್ಕೆ ನಿಮ್ಮೂರ ಹತ್ತಿರದ ಒಂದು ಖಣಿಯಲ್ಲಿ ಹೊಸ ಶೆಡ್ಡು ಕಟ್ಟಿಸುತ್ತೇವೆ. ಅಲ್ಲಿ ಕಟಿಂಗ್ ಮಷೀನಿನ ಮೇಲೆ ಸದಾ ನೀರು ಬೀಳುತ್ತಿರುತ್ತದೆ, ಧೂಳು ಏಳುವುದೇ ಇಲ್ಲ.

ಅದನ್ನು ತಿಂಗಳಿಗೊಮ್ಮೆ ನೋಡಿ ಬರೆದು ಕಳಿಸಲು ನಂಬಿಕೆಯ ಒಬ್ಬರು ಬೇಕು. ನೀನೇ ಆಗಬೇಕು. ಫಾರ್ಮು ಜೊತೆಗಿಟ್ಟಿದ್ದೇನೆ, ನಾಲ್ಕೇ ಕಾಲಮ್ಮು. ತಿಂಗಳು, ನೀರು, ಧೂಳು, ಷರಾ. ಕೊನೆಯ ಷರಾ ಖಾಲಿ ಬಿಟ್ಟರೂ ನಡೆಯುತ್ತದೆ, ಅದನ್ನು ಇಲ್ಲಿ ಯಾರೂ ಓದುವುದಿಲ್ಲ.

ನಿಮ್ಮ ಅವ್ವ, ತುಳಜಾ ಮಾವಶಿ, ಹೇಗಿದ್ದಾರೆ?

ಪ್ರಮಿತಾ


ರಾವೂರ
೨ ಜುಲೈ ೨೦೦೪

ಪ್ರಮಿತಾ,

ಬೈದು ಮುಗಿಸಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿ ಹೇಳಿದಾಗ ಅವ್ವ ನಕ್ಕು, "ಊರಿಗೆ ಬಂದಾಕಿ ನೀರಿಗಿ ಬರಲಾರದೆ ಎಲ್ಲಿ ಹೋಗ್ತಾಳ?" ಎಂದಳು. ನಿನಗೆ ನೆನಪಿದೆಯೋ ಇಲ್ಲವೋ, ಒಂಬತ್ತನೆಯ ತರಗತಿಯ ಏಪ್ರಿಲ್ಲಿನಲ್ಲಿ ನೀನು ನಮ್ಮ ಮನೆಗೆ ಬಂದಿದ್ದೆ. ಅವ್ವ ಚರಿಗೆಯಲ್ಲಿ ನೀರು ತಂದರೆ ನೀರಡಿಕೆ ಇಲ್ಲ ಎಂದಿದ್ದೆ. ವಾಡಿ ಸ್ಟೇಷನ್ನಿನಿಂದ ಆ ಬಿಸಿಲಲ್ಲಿ ನಡೆದು ಬಂದವಳಿಗೆ ನೀರಡಿಕೆ ಇಲ್ಲವಂತೆ. ಹೋಗಲಿ, ಅದು ಹಳೆಯ ಮಾತು.

ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ, ಅವ್ವನ ಕೆಮ್ಮೊಂದನ್ನು ಬಿಟ್ಟು. ನೀನು ಹೇಳುವ ಖಣಿಯಲ್ಲೇ ಅವಳು ಹದಿನಾರು ವರ್ಷದಿಂದ ಫರ್ಸಿಯ ಅಂಚು ಕೊಯ್ಯುತ್ತಾಳೆ. ಅಪ್ಪ ಕೆಳಗೆ ಪದರು ಪದರಾಗಿ ಕಲ್ಲು ಎಬ್ಬಿಸುತ್ತಾನೆ, ಅವ್ವ ಮೇಲೆ ಮಷೀನಿಗೆ ಕೊಟ್ಟು ಚೌಕ ಮಾಡುತ್ತಾಳೆ. ನಾಲ್ಕು ಕಂಬ, ಮೇಲೊಂದು ತಗಡು, ಅದೇ ಶೆಡ್ಡು. ಮುಖಕ್ಕೆ ಸೆರಗು ಸುತ್ತಿಕೊಂಡರೂ ಸಂಜೆ ಮನೆಗೆ ಬರುವಾಗ ಹುಬ್ಬು, ರೆಪ್ಪೆ ಎಲ್ಲ ಬಿಳಿ. ಚಿಕ್ಕವಳಿದ್ದಾಗ ನನ್ನ ಅವ್ವ ದಿನಾ ಸಂಜೆ ಮುದುಕಿಯಾಗುತ್ತಾಳೆ, ಮುಖ ತೊಳೆದರೆ ಮತ್ತೆ ಹರೆಯದವಳಾಗುತ್ತಾಳೆ ಎಂದುಕೊಂಡಿದ್ದೆ. ಹೋದ ತಿಂಗಳು ವಾಡಿಯ ಡಾಕ್ಟರು ಎಕ್ಸ್‌ರೇ ನೋಡಿ, "ನೀವು ಧೂಳು ಬಿಡ್ರಿ, ಇಲ್ಲಾಂದ್ರ ಅದು ನಿಮ್ಮನ್ನ ಬಿಡಂಗಿಲ್ಲ," ಎಂದರು. ಹಾಗೆಂದು ಕೆಲಸ ಬಿಟ್ಟು ಕೂಡುವವಳಲ್ಲ ಅವಳು. ಆದ್ದರಿಂದ ನಿನ್ನ ಕಾಗದ ನನಗೆ ಗಡಿಯಾರದ ಸುದ್ದಿಯಾಗಿ ಕಾಣಲೇ ಇಲ್ಲ. ಅವ್ವನ ಉಸಿರಿನ ಸುದ್ದಿಯಾಗಿ ಕಂಡಿತು. ನಿನ್ನ ಶೆಡ್ಡು ಬೇಗ ಬರಲಿ. ಫಾರ್ಮು ನಾನು ತುಂಬುತ್ತೇನೆ.

ಅದರಲ್ಲಿ 'ಸುಸ್ಥಿರತೆ' ಎಂದು ಛಾಪಿಸಿದ್ದೀಯಲ್ಲ, ಅವ್ವ ಅದೇನೆಂದು ಕೇಳಿದಳು. ನನಗೆ ಬಂದಂತೆ ಹೇಳಿದೆ. "ಹಂಗಂದ್ರ ನಾಳಿಗೂ ಉಳಿಯೋದು ಅಂತ ಏನ?" ಎಂದಳು. ಟೀಚರ್ ನಾನೋ ಅವಳೋ ತಿಳಿಯಲಿಲ್ಲ.

ಅವಳು ಎರಡು ಮಾತು ಬರೆಸಿದ್ದಾಳೆ. ಒಂದು: "ಮಷೀನಿಗಿ ಬಿಟ್ಟ ನೀರು ಹಳ್ಳಕ್ಕ ಹರಸಬ್ಯಾಡ್ರಿ. ಎರಡ ತೊಟ್ಟಿ ಕಟ್ರಿ. ಒಂದರಾಗ ರಾಡಿ ತಳಕ್ಕ ಕುಂದರ್ತದ, ತಿಳಿ ನೀರು ಇನ್ನೊಂದಕ್ಕ ಬರ್ತದ. ಅದೇ ನೀರು ಮತ್ತ ಮಷೀನಿಗಿ." ಮಳೆಗಾಲದಲ್ಲಿ ನಾವು ಕೊಡದಲ್ಲಿ ನೀರು ತಿಳಿ ಮಾಡುವುದೂ ಹೀಗೇ. ಎರಡನೆಯದು: "ಕಂಪನಿಗಿ ಎಷ್ಟ ಲಾರಿ ಕಲ್ಲ ಬೇಕಂತ ಕೇಳು." ಇಲ್ಲಿ ಕೊಯ್ಯುವ ಇಪ್ಪತ್ತೆರಡು ಹೆಂಗಸರಲ್ಲಿ ಈಗಾಗಲೇ ವಾದ ನಡೆದಿದೆ. ತಿಂಗಳಿಗೆ ಹತ್ತು ಲಾರಿ ಎಂದು ಜೈತುನ್‌ಬೀ, ಇಪ್ಪತ್ತೆಂದು ಶಿವಕಾಂತಮ್ಮ.

ಲುಂಬಿನಿ


ಬೆಂಗಳೂರು
೨೦ ಆಗಸ್ಟ್ ೨೦೦೪

ಲುಂಬಿನಿ,

ಮಾವಶಿಯ ಕೆಮ್ಮಿನ ವಿಷಯ ಓದಿ ಎರಡು ದಿನ ಮನಸ್ಸು ಸರಿಯಿರಲಿಲ್ಲ. ಮೂರನೆಯ ದಿನ ಹೋಗಿ ಶೆಡ್ಡಿನ ಕಡತಕ್ಕೆ ಸಹಿ ಹಾಕಿಸಿಕೊಂಡು ಬಂದೆ. ಡಿಸೆಂಬರಿನಲ್ಲಿ ಉದ್ಘಾಟನೆ. ಹಳೆಯ ಖಣಿಯ ಹೊಂಡದಲ್ಲಿ ಮಳೆನೀರು ನಿಂತಿರುತ್ತದಲ್ಲ, ಅಲ್ಲಿಂದ ಪಂಪು ಹಾಕುತ್ತಾರೆ. ಇಂಜಿನಿಯರರ ನಕ್ಷೆ ಭಾಳ ಚಂದ ಬಂದಿದೆ, ಮೂರು ಕಡೆ ಗೋಡೆ, ಮುಂದಿನ ಗೋಡೆಯ ಮೇಲೆ ಕಂಪನಿಯ ಹೆಸರು.

ತೊಟ್ಟಿಯ ಮಾತು ಅವರಿಗೆ ಹೇಳಿದೆ. ನಕ್ಷೆ ಮಂಜೂರಾಗಿಬಿಟ್ಟಿದೆ, ಮುಂದಿನ ಹಂತದಲ್ಲಿ ನೋಡೋಣ ಎಂದರು. ಲಾರಿಯ ವಿಷಯ ಖರೀದಿ ವಿಭಾಗದವರದು, ನನಗೆ ಖಚಿತವಾಗಿ ಹೇಳಲು ಬರುವುದಿಲ್ಲ. ಸದ್ಯ ಧೂಳು ನಿಲ್ಲಲಿ, ಉಳಿದದ್ದು ತಾನಾಗಿ ಆಗುತ್ತದೆ.

ನೀರಡಿಕೆಯ ಮಾತು ನನಗೆ ನೆನಪಿಲ್ಲ.

ಪ್ರಮಿತಾ


ರಾವೂರ
೯ ಜನವರಿ ೨೦೦೫

ಪ್ರಮಿತಾ,

ನೀನು ಉದ್ಘಾಟನೆಗೆ ಬಂದು ಹೋಗಿ ಮೂರು ವಾರವಾಯಿತು. ಆ ಗದ್ದಲದಲ್ಲಿ ನಾವಿಬ್ಬರು ಕುಳಿತು ಮಾತಾಡಲಿಕ್ಕೇ ಆಗಲಿಲ್ಲ. ನಿನ್ನ ಸಾಹೇಬರು ರಿಬ್ಬನ್ನು ಕತ್ತರಿಸುವಾಗ ಕತ್ತರಿ ಹರಿತವಿರದೆ ಎಳೆದಾಡಿದ್ದನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಇನ್ನೂ ನಾಟಕ ಮಾಡುತ್ತಿದ್ದಾರೆ.

ಈಗ ಮುಖ್ಯ ಸುದ್ದಿ ಕೇಳು. ಅವ್ವ ಸಂಜೆ ಮನೆಗೆ ಬರುತ್ತಾಳೆ, ಹುಬ್ಬು ಕಪ್ಪಗೇ ಇರುತ್ತವೆ. ಮೊದಲ ದಿನ ಬಾಗಿಲಲ್ಲಿ ನಿಂತಾಗ ನಾನು ಸುಮ್ಮನೆ ನೋಡುತ್ತ ನಿಂತುಬಿಟ್ಟೆ. "ಯಾಕ, ಗುರ್ತು ಹತ್ತಲಿಲ್ಲೇನ?" ಎಂದಳು. ಸೀರೆಯ ಅಂಚೆಲ್ಲ ರಾಡಿ, ಕಾಲು ತೊಯ್ದು ಬೆರಳು ಸುಕ್ಕಾಗಿರುತ್ತವೆ, ಆದರೆ ಕೆಮ್ಮು ಅರ್ಧಕ್ಕಿಂತ ಕಡಿಮೆ. ನಡುವೆ ನಿಲ್ಲದೆ ಮಾತಾಡುತ್ತಾಳೆ. ನನಗೆ ಎಷ್ಟು ಸಂತೋಷವಾಗಿದೆ ಎಂದರೆ, ನಿನ್ನ ಮೇಲಿದ್ದ ಹಳೆಯ ಸಿಟ್ಟನ್ನೆಲ್ಲ ಹುಡುಕಿದರೂ ಸಿಗುತ್ತಿಲ್ಲ.

ಒಂದು ಸಣ್ಣದು ಮಾತ್ರ ಸಿಕ್ಕಿತು. ಅವತ್ತು ಅವ್ವ ನಿನಗೆಂದು ಹೊಸ ಗಡಿಗೆಯಲ್ಲಿ ನೀರು ತಣ್ಣಗೆ ಮಾಡಿ ಇಟ್ಟಿದ್ದಳು. ನೀನು ಕಾರಿನಿಂದ ಬಾಟಲಿ ತರಿಸಿ ಕುಡಿದೆ. ಎಲ್ಲ ಸಾಹೇಬರೂ ಹಾಗೇ ಮಾಡಿದರು, ನೀನೂ ಮಾಡಿದೆ. ಅವ್ವ ಗಡಿಗೆಯ ನೀರು ಬಡಿಸುವ ಹುಡುಗಿಯರಿಗೆ ಕೊಟ್ಟಳು.

ನೀನು ಕೇಳಿದ ಮೊದಲ ಕಂತು ಕಳಿಸಿದ್ದೇವೆ. ಅಪ್ಪ ಇನ್ನೂರು ಫರ್ಸಿ ಬಡಿದು, ಕಿವಿಗೊಟ್ಟು ಕೇಳಿ ಹನ್ನೆರಡು ಆರಿಸಿದ. ಒಳಗೆ ಬಿರುಕಿದ್ದರೆ ಕಲ್ಲು ಮಂದ ನುಡಿಯುತ್ತದಂತೆ. ತನ್ನ ಮಗಳಿಗೆ ಗಂಡು ನೋಡುವಾಗಲೂ ಇಷ್ಟು ಬಡಿದು ನೋಡಲಿಲ್ಲ ಎಂದೆ. "ನಿನ್ನ ಮಾತ ಕೇಳಿ ಗಂಡುಗಳೇ ಓಡಿ ಹೋದ್ವು," ಎಂದ.

ಮೊದಲ ಫಾರ್ಮು ಇದರಲ್ಲೇ ಇದೆ. ನೀರು ಹರಿಯುತ್ತಿದೆ. ಧೂಳು ಇಲ್ಲ.

ಲುಂಬಿನಿ


ಬೆಂಗಳೂರು
೩ ಫೆಬ್ರವರಿ ೨೦೦೫

ಲುಂಬಿನಿ,

ನಿನ್ನ ಫಾರ್ಮನ್ನು ಮೀಟಿಂಗಿನಲ್ಲಿ ಓದಿದೆ. ಹುಬ್ಬಿನ ಮಾತನ್ನೂ ಸೇರಿಸಿ ಹೇಳಿದೆ. ಕಲ್ಲನ್ನು ಡಯಲಿಗೆ ತೆಳುವಾಗಿ ಸೀಳಲು ಶಹಾಬಾದದ ಅಬ್ದುಲ್ ಕರೀಮ್ ಎಂಬ ಹಳೆಯ ಕಸುಬುದಾರರನ್ನು ಕರೆಸಿದ್ದೇವೆ. ನಿನ್ನ ಅಪ್ಪ ಆರಿಸಿದ ಫರ್ಸಿ ಮುಟ್ಟಿ, "ಇವು ಕಿವಿ ಇದ್ದವರು ಆರಿಸಿದ ಕಲ್ಲು," ಎಂದರು. ಸೂರ್ಯಕಾಂತ ಕಾಕಾನಿಗೆ ತಪ್ಪದೆ ಹೇಳು.

ಏಪ್ರಿಲ್, ಮೇ ಫಾರ್ಮುಗಳನ್ನು ತಡಮಾಡದೆ ಕಳಿಸು. ಜೂನಿನಲ್ಲಿ ವರದಿ ಅಚ್ಚಿಗೆ ಹೋಗುತ್ತದೆ. ಮೇ ತಿಂಗಳಲ್ಲಿ ಇನ್ನೂ ನಾಲ್ಕು ಫರ್ಸಿ ಬೇಕಾಗುತ್ತವೆ, ಎರಡನೆಯ ಕಂತು.

ಗಡಿಗೆಯ ವಿಷಯ ಗೊತ್ತಿರಲಿಲ್ಲ.

ಪ್ರಮಿತಾ


ರಾವೂರ
೩೦ ಏಪ್ರಿಲ್ ೨೦೦೫

ಪ್ರಮಿತಾ,

ಫಾರ್ಮು ಇಟ್ಟಿದ್ದೇನೆ. ನೀರು ಹರಿಯುತ್ತಿದೆ. ಧೂಳು ಇಲ್ಲ. ಈ ವರ್ಷದ ಬಿಸಿಲು ಜೋರು, ಹೊಂಡದಲ್ಲಿ ಕೆಳಗಿನ ಮೆಟ್ಟಿಲುಗಳೂ ಕಾಣುತ್ತಿವೆ. ಅವ್ವ ಆರಾಮಿದ್ದಾಳೆ. ಶಾಲೆಯ ಪರೀಕ್ಷೆಯ ಕೆಲಸ ಮುಗಿಯದು, ಹೆಚ್ಚು ಬರೆಯಲಾರೆ.

ಲುಂಬಿನಿ


ರಾವೂರ
೨೮ ಮೇ ೨೦೦೫

ಪ್ರಮಿತಾ,

ನಾಲ್ಕು ಫರ್ಸಿ ಲಾರಿಗೆ ಹಾಕಿದ್ದೇವೆ. ಫಾರ್ಮು ಇದೆ. ಹೋದ ತಿಂಗಳಿನ ಹಾಗೆಯೇ.

ಲುಂಬಿನಿ


ಬೆಂಗಳೂರು
೨೫ ಜುಲೈ ೨೦೦೫

ಲುಂಬಿನಿ,

ವರದಿಯ ಪ್ರತಿ ಪಾರ್ಸಲ್ಲಿನಲ್ಲಿ ಬರುತ್ತದೆ. ಮುಖಪುಟ ನೋಡಿ ಮಾವಶಿಯ ಮುಖ ಹೇಗಾಗುತ್ತದೋ ನೋಡಬೇಕಿತ್ತು ನನಗೆ, ಯಾಕೆಂದರೆ ಅಲ್ಲಿರುವುದು ಅವರೇ. ಮಷೀನಿನ ಮುಂದೆ, ನೀರಿನ ಹನಿಗಳ ನಡುವೆ, ಕಪ್ಪು ಹುಬ್ಬು. ಮುಂಬೈಯ ಒಂದು ಸಂಸ್ಥೆ ನಮಗೆ ಪ್ರಶಸ್ತಿ ಕೊಟ್ಟಿತು. ಸಾಹೇಬರು ನನ್ನ ಹೆಸರು ಕರೆದು ವೇದಿಕೆಗೆ ಹತ್ತಿಸಿದರು. ನಾನು ಅಲ್ಲಿ ನಿನ್ನ ಹೆಸರು ಹೇಳಿದೆ. ನಿನ್ನ ಐದಾರು ಸಾಲು ಎಷ್ಟು ದೂರ ಹೋದವೆಂದು ನಿನಗೆ ಗೊತ್ತಿಲ್ಲ.

ನಿನ್ನ ಕಾಗದಗಳು ಈಚೆಗೆ ಯಾಕೋ ಒಣಗಿವೆ. ಸಿಟ್ಟೇ? ಅಥವಾ ಮದುವೆಯ ಮಾತುಕತೆಯೇ? ಯಾವುದಾದರೂ ಬರೆ.

ಪ್ರಮಿತಾ


ಬೆಂಗಳೂರು
೧೨ ಸೆಪ್ಟೆಂಬರ್ ೨೦೦೫

ಲುಂಬಿನಿ,

ಇವತ್ತು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ನಾಳೆಗೆ ಇಟ್ಟರೆ ನಯವಾಗಿಬಿಡುತ್ತದೆ.

ಮೇ ತಿಂಗಳ ನಾಲ್ಕು ಫರ್ಸಿಗಳನ್ನು ಕರೀಮ್ ಚಾಚಾ ಇವತ್ತು ಸೀಳಿದರು. ಡಯಲಿನಷ್ಟು ತೆಳುವಾಗುವ ಮೊದಲೇ ಅಂಚಿನಿಂದ ಕೂದಲೆಳೆಯ ಬಿರುಕು ಬಂದು ಒಡೆದವು. ನನ್ನನ್ನು ಕರೆದು ಅಂಚಿನ ಮೇಲೆ ಬೆರಳಾಡಿಸಿ ತೋರಿಸಿದರು. "ಬೇಟಿ, ಈ ಕಲ್ಲು ಸುಟ್ಟದ. ನೀರ ಹಾಕಿ ಕೊಯ್ದ ಅಂಚು ಹಿಂಗ ಇರಂಗಿಲ್ಲ. ಇದನ್ನ ಒಣಾ ಕೊಯ್ದಾರ," ಎಂದರು. ನಲವತ್ತು ವರ್ಷ ಆ ಕಲ್ಲಿನಲ್ಲೇ ಕಳೆದವರು ಅವರು.

ಫಾರ್ಮುಗಳನ್ನು ತೆಗೆದು ನೋಡಿದೆ. ಏಪ್ರಿಲ್: ನೀರು ಹರಿಯುತ್ತಿದೆ. ಮೇ: ಹೋದ ತಿಂಗಳಿನ ಹಾಗೆಯೇ. ಆ ಚಂದದ ಅಕ್ಷರದಲ್ಲಿ. ಅದನ್ನು ನಂಬಿ ನಾನು ವರದಿ ಬರೆದೆ, ವೇದಿಕೆ ಹತ್ತಿದೆ. ಸುಳ್ಳು ಬರೆದವಳು ನೀನು, ಓದಿ ಹೇಳಿದವಳು ನಾನು. ಯಾಕೆ ಹೀಗೆ ಮಾಡಿದೆ? ಪಂಪು ಕೆಟ್ಟಿದ್ದರೆ ಒಂದು ಸಾಲು ಸಾಕಿತ್ತಲ್ಲ?

ಪ್ರಮಿತಾ


ಬೆಂಗಳೂರು
೧೫ ಅಕ್ಟೋಬರ್ ೨೦೦೫

ಲುಂಬಿನಿ,

ತಿಂಗಳಾಯಿತು. ಬೈದಾದರೂ ಬರೆ. ಮಾವಶಿ ಹೇಗಿದ್ದಾರೆ ಎಂಬುದೊಂದನ್ನಾದರೂ ಬರೆ.

ಪ್ರಮಿತಾ


ರಾವೂರ
೬ ನವೆಂಬರ್ ೨೦೦೫

ಪ್ರಮಿತಾ,

ಪಂಪು ಕೆಟ್ಟಿರಲಿಲ್ಲ. ಅವ್ವ ವಾಲ್ವು ಬಂದ್ ಮಾಡಿದಳು.

ಮಾರ್ಚಿ ಮುಗಿಯುವ ಹೊತ್ತಿಗೆ ಹೊಂಡದ ನೀರು ಇಳಿಯಿತು. ನಮ್ಮ ಓಣಿಗೆ ಬೇಸಿಗೆಯಲ್ಲಿ ಅದೇ ನೀರು. ಬಟ್ಟೆಗೆ ಅದೇ, ದನಕ್ಕೆ ಅದೇ, ಕೊಳವೆಬಾವಿ ಕೈಕೊಟ್ಟರೆ ಸೋಸಿ ಕುಡಿಯಲಿಕ್ಕೂ ಅದೇ. ನಿನ್ನ ಶೆಡ್ಡಿನ ನೀರು ಒಮ್ಮೆ ಮಷೀನಿನ ಮೇಲೆ ಬಿದ್ದು ಹಳ್ಳಕ್ಕೆ ಹೋಗುತ್ತದೆ, ಮರಳಿ ಬರುವುದಿಲ್ಲ. ಒಂದು ಬೆಳಿಗ್ಗೆ ಅವ್ವ ಹೊಂಡದ ಮೆಟ್ಟಿಲ ಮೇಲೆ ನಿಂತು ನೋಡಿದಳು. ಶೆಡ್ಡಿಗೆ ಬಂದು ಎಲ್ಲರೆದುರು ಹೇಳಿದಳು: "ಈ ಮಷೀನು ಒಂದ ದಿನಕ್ಕ ಕುಡ್ಯೋ ನೀರಾಗ ನಮ್ಮ ಓಣಿ ನಾಕ ದಿನ ಬದುಕ್ತದ. ನನ್ನ ಕೆಮ್ಮು ನನಗೊಬ್ಬಾಕಿಗೆ. ನೀರಡಿಕಿ ಎಲ್ಲಾರಿಗೂ ಅದ." ಹೋಗಿ ವಾಲ್ವನ್ನು ತನ್ನ ಕೈಯಿಂದಲೇ ತಿರುಗಿಸಿದಳು.

ಇನ್ನೊಂದು ಕೇಳು. ಮೊದಲು ನಾಲ್ಕು ಕಂಬದ ಬಯಲು ಶೆಡ್ಡಿತ್ತು, ಅರ್ಧ ಧೂಳನ್ನು ಗಾಳಿ ಒಯ್ಯುತ್ತಿತ್ತು. ನಿನ್ನ ಇಂಜಿನಿಯರರ ಚಂದದ ನಕ್ಷೆಗೆ ಮೂರು ಗೋಡೆ. ಆ ಗೋಡೆಗಳ ನಡುವೆ ಒಣ ಕೊಯ್ತ. ಏಪ್ರಿಲ್, ಮೇ, ಜೂನಿನ ಅರ್ಧ. ಹದಿನಾರು ವರ್ಷ ಮಾಡದ್ದನ್ನು ಎರಡೂವರೆ ತಿಂಗಳು ಮಾಡಿತು. ಮಳೆ ಬಂದಮೇಲೆ ವಾಲ್ವು ತೆರೆದರು, ತೆರೆದದ್ದು ಜೈತುನ್‌ಬೀ. ಅವ್ವ ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದಳು. ಕಲಬುರಗಿಯ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದು ಬಂದೆವು. ನಿನ್ನ ವರದಿ ಬಂದಾಗ ನಾವು ಅಲ್ಲಿದ್ದೆವು. ಅಪ್ಪ ಅದನ್ನು ಚೀಲದಲ್ಲಿಟ್ಟುಕೊಂಡು ಬಂದು ಮಂಚದ ಮೇಲೆ ತೋರಿಸಿದ. ಅವ್ವ ತನ್ನ ಫೋಟೋ ಬಹಳ ಹೊತ್ತು ನೋಡಿದಳು. ಚಂದ ಬಂದದ ಎಂದಳು.

ನಾನು ಸುಳ್ಳು ಬರೆದದ್ದು ಯಾಕೆ ಎಂದು ಕೇಳಿದ್ದೀ. ಏಪ್ರಿಲ್ಲಿನ ಫಾರ್ಮು ಮುಂದಿಟ್ಟುಕೊಂಡು ಕುಳಿತಾಗ ಅವ್ವ ಪಕ್ಕದಲ್ಲೇ ಇದ್ದಳು. "ನೀರಿಲ್ಲ ಅಂತ ಬರದ್ರ ಅವರು ಹೊಂಟ ಹೋಗ್ತಾರ. ಲಾರಿ ಬರೋ ಮುಂದ ಹಿಂಗ ಮಾಡಬ್ಯಾಡ," ಎಂದಳು. ಇಪ್ಪತ್ತೆರಡು ಮನೆ ಆ ಲಾರಿಗಳಿಗೆ ಕಾಯುತ್ತಿದ್ದವು. ಶಿವಕಾಂತಮ್ಮ ಐನಾಪುರದಲ್ಲಿದ್ದ ತಂಗಿಯನ್ನು ಕೆಲಸಕ್ಕೆಂದು ಕರೆಸಿಕೊಂಡೂ ಆಗಿತ್ತು. ಬರೆದದ್ದು ನನ್ನ ಕೈ, ಅದಕ್ಕೆ ನಾನೇ ಹೊಣೆ. ಮಕ್ಕಳಿಗೆ ಸತ್ಯ ಬರೆಯಿರಿ ಎಂದು ಹೇಳುವ ಕೈ. ದಿನಾ ನಾಚಿಕೆಯಾಗುತ್ತದೆ. ಆದರೆ ಪ್ರಮಿತಾ, ಸುಳ್ಳು ಎಂದು ಬರೆದೆಯಲ್ಲ, ಎರಡು ತೊಟ್ಟಿ ಕಟ್ಟಿರಿ ಎಂಬುದು ಸತ್ಯವೇ ಆಗಿತ್ತು. ಅದನ್ನು ಮೊದಲ ಕಾಗದದಲ್ಲೇ ಬರೆದಿದ್ದೆ.

ಅವ್ವ ಈಗಲೂ ಕೇಳುತ್ತಾಳೆ. ಇನ್ನಾದರೂ ಹೇಳು. ಎಷ್ಟು ಲಾರಿ?

ಲುಂಬಿನಿ


ಬೆಂಗಳೂರು
೩೦ ನವೆಂಬರ್ ೨೦೦೫

ಲುಂಬಿನಿ,

ಲಾರಿ ಇಲ್ಲ. ಎಂದೂ ಇರಲಿಲ್ಲ.

ನಾವು ಮಾಡುವುದು ಒಟ್ಟು ಮುನ್ನೂರು ಗಡಿಯಾರ. ಸೀಳುವಾಗ ಹತ್ತರಲ್ಲಿ ಎಂಟು ಒಡೆದರೂ ಕಾಕಾ ಆರಿಸಿದ ಹನ್ನೆರಡು ಫರ್ಸಿ ಸಾಕಾಗಿ ಮಿಕ್ಕುತ್ತದೆ. ಇದು ನಿನಗೆ ಮೊದಲ ಕಾಗದ ಬರೆಯುವ ದಿನವೇ ನನಗೆ ಗೊತ್ತಿತ್ತು. ಆಮೇಲಿನ ನಾಲ್ಕು ಫರ್ಸಿ ಡಯಲಿಗೂ ಬೇಕಿರಲಿಲ್ಲ. ಕೆಲಸ ನಡೆದಿದೆ ಎಂದು ವರದಿಯಲ್ಲಿ 'ಎರಡನೆಯ ಕಂತು' ತೋರಿಸಬೇಕಿತ್ತು, ಅದಕ್ಕೆ ತರಿಸಿದೆ; ಬಂದು ಬಿದ್ದಿವೆಯಲ್ಲ ಎಂದು ಚಾಚಾ ಸೀಳಿ ನೋಡಿದರು. ಆ ನಾಲ್ಕು ಕಲ್ಲನ್ನು ನೀರಿಲ್ಲದೆ ಕೊಯ್ದು ಕೊಟ್ಟರಲ್ಲ, ಅವು ಯಾರಿಗೂ ಬೇಡದ ಕಲ್ಲು.

ಹತ್ತು ಲಾರಿಯೋ ಇಪ್ಪತ್ತೋ ಎಂದು ನೀನು ಬರೆದಾಗ ನನಗೆ ನಗು ಬಂದಿತ್ತು. ಆಮೇಲೆ ಹೆದರಿಕೆಯಾಯಿತು. ಹನ್ನೆರಡೇ ಫರ್ಸಿ ಎಂದರೆ ಖಣಿಯ ಮಾಲಕರು ಶೆಡ್ಡಿಗೆ ಜಾಗವನ್ನೇ ಕೊಡಲಿಕ್ಕಿಲ್ಲ, ಧೂಳು ನಿಲ್ಲುವುದೇ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಳ್ಳೆಯದಕ್ಕೇ ಸುಮ್ಮನಿದ್ದೇನೆ ಎಂದುಕೊಂಡೆ. ಮಾವಶಿಯೂ ಒಳ್ಳೆಯದಕ್ಕೇ ವಾಲ್ವು ಮುಚ್ಚಿದರು. ಅವರು ತಮ್ಮ ಉಸಿರು ಕೊಟ್ಟರು. ನಾನು ಏನೂ ಕೊಡಲಿಲ್ಲ.

ನಿನ್ನ ಎಲ್ಲ ಫಾರ್ಮುಗಳನ್ನು ತೆಗೆದುಕೊಂಡು, ಖಾಲಿ ಬಿಟ್ಟ ಷರಾ ಕಾಲಮ್ಮಿನಲ್ಲಿ ನಡೆದದ್ದನ್ನು ನನ್ನ ಕೈಯಲ್ಲಿ ಬರೆದು ಸಹಿ ಹಾಕಿ ಸಾಹೇಬರ ಮೇಜಿನ ಮೇಲಿಟ್ಟೆ. ಹನ್ನೆರಡು ಫರ್ಸಿಯ ವಿಷಯವನ್ನೂ, ತೊಟ್ಟಿಯ ಮಾತನ್ನು ನಾನು ಬದಿಗೆ ಸರಿಸಿದ್ದನ್ನೂ ಬರೆದಿದ್ದೇನೆ. ಎರಡು ನಿರ್ಧಾರವಾದವು. ಮುಖಪುಟದ ಚಿತ್ರ ತೆಗೆಯುವುದು, ನನ್ನನ್ನು ಗ್ಯಾರಂಟಿ ಕಾರ್ಡು ತುಂಬುವ ವಿಭಾಗಕ್ಕೆ ಹಾಕುವುದು. ಹಟ ಹಿಡಿದು ಕುಳಿತದ್ದಕ್ಕೆ ಮೂರನೆಯದೂ ಒಂದಾಯಿತು: ಇಪ್ಪತ್ತೆರಡು ಮಂದಿಗೂ ಕಲಬುರಗಿಯಲ್ಲಿ ಎದೆಯ ತಪಾಸಣೆ, ಔಷಧ. ಪತ್ರ ಮಾಲಕರಿಗೆ ಬಂದಿರುತ್ತದೆ, ಅವರು ಮರೆತರೆ ನೀನು ಮರೆಯಬೇಡ. ತೊಟ್ಟಿಯ ಬಗ್ಗೆ ಮಾತ್ರ ಮುಂದಿನ ವರ್ಷ ನೋಡೋಣ ಎಂದರು. ಆ ವಾಕ್ಯ ನಾನೇ ಎಷ್ಟು ಸಲ ಹೇಳಿದ್ದೇನೆ.

ಇದರ ಜೊತೆ ಹತ್ತಿಯಲ್ಲಿ ಸುತ್ತಿ ಒಂದು ಡಯಲು ಇಟ್ಟಿದ್ದೇನೆ. ಕಾಕಾನ ಹನ್ನೆರಡರಲ್ಲಿ ಒಂದರದು, ಸಣ್ಣ ಬಿರುಕು ಇರುವುದರಿಂದ ಬೇಡವೆಂದು ಬಿಟ್ಟದ್ದು. ಕರೀಮ್ ಚಾಚಾ ಕೊಟ್ಟರು. ಮಾವಶಿಗೆ ಕೊಡು. ಕೊಡಲು ನಾಚಿಕೆಯಾದರೂ ಅವರು ಅದನ್ನು ನೋಡಬೇಕು.

ಮತ್ತೆ, ಒಂಬತ್ತನೆಯ ತರಗತಿಯ ಆ ಏಪ್ರಿಲ್ ನನಗೆ ಚೆನ್ನಾಗಿ ನೆನಪಿದೆ. ನನಗೆ ಭಾಳ ನೀರಡಿಕೆಯಾಗಿತ್ತು. ನಿಮ್ಮ ಮನೆಯಲ್ಲಿ ಕುಡಿದೆನೆಂದು ನಮ್ಮ ಅಜ್ಜಿಗೆ ಗೊತ್ತಾದರೆ ಎಂದು ಹೆದರಿದ್ದೆ. ಡಿಸೆಂಬರಿನಲ್ಲಿ ಬಾಟಲಿ ತೆರೆಯುವಾಗ ಅಜ್ಜಿಯೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಬರೀ ರೂಢಿ.

ಪ್ರಮಿತಾ


ರಾವೂರ
೫ ಮಾರ್ಚ್ ೨೦೦೬

ಪ್ರಮಿತಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಮೂರು ತಿಂಗಳು ಬೇಕಾಯಿತು. ಮೊದಲ ತಿಂಗಳು ನಿನ್ನ ಹೆಸರು ಕೇಳಿದರೆ ಎದ್ದು ಹೋಗುತ್ತಿದ್ದೆ. ಎರಡನೆಯ ತಿಂಗಳು ತಪಾಸಣೆಗೆ ಓಡಾಡಿದೆ. ಇಪ್ಪತ್ತೆರಡರಲ್ಲಿ ಆರು ಮಂದಿಗೆ ಎದೆಯಲ್ಲಿ ಕಲೆ ಕಂಡಿದೆ, ಅವ್ವನದು ಎಲ್ಲರಿಗಿಂತ ಹೆಚ್ಚು. ಉಳಿದವರದನ್ನು ಇಲ್ಲಿಗೇ ನಿಲ್ಲಿಸಬಹುದು, ಧೂಳು ಏಳದಿದ್ದರೆ, ಎಂದಿದ್ದಾರೆ.

ಡಯಲು ಅವ್ವನ ಕೈಗೆ ಕೊಟ್ಟೆ. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು, ಹಪ್ಪಳಕ್ಕಿಂತ ತೆಳು. ಅಂಗೈಯಲ್ಲಿಟ್ಟುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಇದು ನಮ್ಮ ಖಣಿಯ ಮೂರನೆಯ ಪದರಿನದು ಎಂದು ಅಪ್ಪನಿಗಿಂತ ಮೊದಲು ಅವಳೇ ಹೇಳಿದಳು. ಲಾರಿ ಇಲ್ಲವಂತೆ ಎಂದು ಆಗ ಹೇಳಿದೆ, ಹನ್ನೆರಡು ಫರ್ಸಿಯ ಮಾತೂ ಹೇಳಿದೆ. ಅವಳು ಡಯಲನ್ನು ಒಮ್ಮೆ ತಿರುಗಿಸಿ ನೋಡಿದಳು.

"ಇಷ್ಟೇ ಬೇಕಾಗಿತ್ತೇನ ಅವರಿಗ?" ಎಂದಳು. ಸ್ವಲ್ಪ ಉಸಿರು ತೆಗೆದುಕೊಂಡು, "ಮೊದಲೇ ಹೇಳಿದ್ರ ಕುಂತ ಕೈಲೇ ತಿಕ್ಕಿ ಕೊಡ್ತಿದ್ದೆ," ಎಂದಳು. ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿ ಹಾಗೆಯೇ ಮಾಡುತ್ತಿದ್ದೆ ಎಂಬ ಧ್ವನಿಯಲ್ಲಿ ಹೇಳಿದಳು. ನಾನು ಒಳಗೆ ಹೋಗಿ ಅತ್ತೆ.

ಮಾರನೆಯ ದಿನ ಅಪ್ಪನನ್ನು, ಜೈತುನ್‌ಬೀಯನ್ನು, ಶಿವಕಾಂತಮ್ಮನನ್ನು ಕರೆಸಿ ಕೂಡಿಸಿಕೊಂಡಳು. "ಯಾರೂ ಬರಂಗಿಲ್ಲ. ನಮ್ಮ ತೊಟ್ಟಿ ನಾವೇ ಕಟ್ಟೋಣು," ಎಂದಳು. ಒಡೆದ ಫರ್ಸಿಗೆ ನಮ್ಮಲ್ಲೇನು ಕೊರತೆ? ಮಾಲಕರು ಮೊದಲು ಬೇಡವೆಂದರು. ಎದೆಯ ಕಲೆಯ ಆರು ಕಾಗದ ಮುಂದಿಟ್ಟ ಮೇಲೆ ಸಿಮೆಂಟು ಕೊಟ್ಟರು. ನಾಲ್ಕು ಭಾನುವಾರ ಹಿಡಿಯಿತು. ಗೋಡೆಗಳಲ್ಲಿ ಎರಡನ್ನು ಕೆಡವಿದ್ದೇವೆ, ನಿನ್ನ ಕಂಪನಿಯ ಹೆಸರಿದ್ದದ್ದು ಅದರಲ್ಲೇ ಹೋಯಿತು, ಬೇಕೆಂದು ಮಾಡಿದ್ದಲ್ಲ. ರಾಡಿ ಒಂದು ತೊಟ್ಟಿಯ ತಳಕ್ಕೆ ಕೂಡುತ್ತದೆ, ತಿಳಿನೀರು ಇನ್ನೊಂದಕ್ಕೆ ಬರುತ್ತದೆ, ಅಲ್ಲಿಂದ ಮತ್ತೆ ಮಷೀನಿಗೆ. ಹೊಂಡದಿಂದ ದಿನಕ್ಕೆ ಐದಾರು ಕೊಡ ಸೇರಿಸಿದರೆ ಸಾಕು. ಮೊದಲ ದಿನ ಅವ್ವನನ್ನು ಕುರ್ಚಿಯಲ್ಲಿ ಕೂಡಿಸಿ ಎತ್ತಿಕೊಂಡು ಹೋದೆವು. ವಾಲ್ವು ಅವಳೇ ತಿರುಗಿಸಿದಳು.

ಅವಳು ನಿನಗೆ ಹೇಳೆಂದದ್ದು ಇಷ್ಟು: "ಒಮ್ಮೆ ಬಂದು ಹೋಗು ಅನ್ನು. ಗಡಿಗ್ಯಾಗ ನೀರ ಇಟ್ಟಿರ್ತೀನಿ." ನಾನಾದರೆ ಇಷ್ಟು ಬೇಗ ಕರೆಯುತ್ತಿರಲಿಲ್ಲ. ಆದರೆ ಮನೆ ಅವಳದು, ಗಡಿಗೆಯೂ ಅವಳದು. ತಡ ಮಾಡಬೇಡ. ನಾನು ಇದನ್ನು ಸುಮ್ಮನೆ ಬರೆಯುತ್ತಿಲ್ಲ.

ಹಳೆಯ ಫಾರ್ಮು ಒಂದು ಉಳಿದಿತ್ತು, ತುಂಬಿ ಇದರಲ್ಲಿಟ್ಟಿದ್ದೇನೆ. ನೀನೀಗ ಆ ವಿಭಾಗದಲ್ಲಿ ಇಲ್ಲ, ಆದರೂ ನಿನ್ನ ಕೈಯಿಂದಲೇ ಸಾಹೇಬರ ಮೇಜಿಗೆ ಹೋಗಲಿ.

ಲುಂಬಿನಿ

ತಿಂಗಳು: ಫೆಬ್ರವರಿ ೨೦೦೬
ನೀರು: ಹರಿಯುತ್ತಿದೆ. ಹೋದ ವಾರ ಹರಿದದ್ದೇ.
ಧೂಳು: ಇಲ್ಲ.
ಷರಾ: ಮೂರನೆಯ ಮಷೀನಿನ ಮೇಲೆ ಈಗ ತುಳಜಾಬಾಯಿ ಇಲ್ಲ. ಮನೆಯಿಂದ ಶೆಡ್ಡಿಗೆ ಅವಳಿಗೆ ಮೊದಲು ಇನ್ನೂರು ಹೆಜ್ಜೆ ಇತ್ತು, ಈಗ ಬಾಗಿಲವರೆಗೆ ಹೋಗಲು ಎರಡು ಸಲ ನಿಲ್ಲುತ್ತಾಳೆ. ತೊಟ್ಟಿಯ ಮಾತನ್ನು ಅವಳು ೨ ಜುಲೈ ೨೦೦೪ರಂದು ಹೇಳಿದ್ದಳು. ಈ ಕಾಲಮ್ಮನ್ನು ಓದಿದವರು ಕೆಳಗೆ ಸಹಿ ಮಾಡಬೇಕು.